ಏರ್ ಮಾರ್ಷಲ್ ನಂದಾ ಕಾರ್ಯಪ್ಪನವರು

2019ನೆಯ ಇಸವಿಯ ಫೆಬ್ರವರಿ ತಿಂಗಳ ಕಡೆಯ ವಾರದಲ್ಲಿ ಗುಂಡ್ಲುಪೇಟೆ ಸೀಮೆಯ ಜನರು ಅಪೂರ್ವವಾದ ನೋಟವೊಂದನ್ನು ಕಂಡರು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಸುತ್ತಣ ಕಾಡಿಗೆ ಬೆಂಕಿ ಬಿದ್ದು ಕೆಲವು ದಿನಗಳಾಗಿದ್ದವು. ಹಗಲು ಹೊಗೆ, ರಾತ್ರಿ ಬೆಟ್ಟದ ಸಾಲಿಗೆ ಸರವಿಟ್ಟಂತೆ ಕೆಂಪು ಗೆರೆ. ಬಂಡೀಪುರದ ಕಾಡನ್ನು ಬಲ್ಲವರಿಗೆ ಇದರ ಭಯವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಮಾಘ ಕಳೆಯುವ ವೇಳೆಗೆ ಹುಲ್ಲೆಲ್ಲವೂ ಒಣಗಿ ಗರಿಯಾಗಿರುವುದು. ಅದರ ಮೇಲೆ ಲಾಂಟಾನದ ಪೊದೆಗಳು ಆಳೆತ್ತರಕ್ಕೆ ಹೆಣೆದುಕೊಂಡಿರುವುವು. ಒಂದು ಕಿಡಿ ಬಿದ್ದರೆ ಸಾಕು, ಗಾಳಿಯು ಅದನ್ನು ಕಣಿವೆಯಿಂದ ಕಣಿವೆಗೆ ಒಯ್ಯುವುದು. ಅರಣ್ಯದ ವಾಚರುಗಳೂ ಊರೂರಿನಿಂದ ಬಂದ ತರುಣರೂ ಹಸಿಯ ಸೊಪ್ಪಿನ ಕೊಂಬೆಗಳನ್ನು ಹಿಡಿದು ಬೆಂಕಿಯನ್ನು ಬಡಿಯುತ್ತಿದ್ದರು. ಎರಡು ವರ್ಷಗಳ ಹಿಂದೆ, 2017ರಲ್ಲಿ, ಹೀಗೆಯೇ ಬೆಂಕಿಯನ್ನು ಆರಿಸಹೋಗಿ ಇದೇ ಕಾಡಿನಲ್ಲಿ ಒಬ್ಬ ಅರಣ್ಯರಕ್ಷಕನು ಪ್ರಾಣವನ್ನು ಬಿಟ್ಟಿದ್ದನು. ಆ ನೆನಪು ಯಾರ ಮನಸ್ಸಿನಿಂದಲೂ ಮಾಸಿರಲಿಲ್ಲ.

ಅಂಥ ಸಮಯದಲ್ಲಿ, 25ನೆಯ ತಾರೀಖು, ನೀಲಗಿರಿಯ ಆಚೆಯ ಸೂಲೂರಿನ ವಾಯುಸೇನೆಯ ಠಾಣೆಯಿಂದ ಎರಡು ಹೆಲಿಕಾಪ್ಟರುಗಳು ಬಂದವು. ಹೊಟ್ಟೆಯಡಿಯಲ್ಲಿ ಉದ್ದವಾದ ಹಗ್ಗ. ಹಗ್ಗದ ತುದಿಯಲ್ಲಿ ದೊಡ್ಡ ಚೀಲದಂಥ ಬಕೆಟು. ಯಂತ್ರವು ಸಮೀಪದ ನೀರಿನ ಮೇಲೆ ಬಂದು ನಿಲ್ಲುವುದು. ಬಕೆಟನ್ನು ಮುಳುಗಿಸಿ ತುಂಬಿಕೊಳ್ಳುವುದು. ಎದ್ದು ಬೆಟ್ಟದ ಕಡೆಗೆ ಹೋಗಿ ಬೆಂಕಿಯ ಮೇಲೆ ಸುರಿಯುವುದು. ಮತ್ತೆ ನೀರಿಗೆ ಹಿಂದಿರುಗುವುದು. ಕಪಿಲೆಯಲ್ಲಿ ನೀರೆತ್ತುವ ಎತ್ತುಗಳು ಹೋಗಿ ಬರುವಂತೆ ಅವು ಹೋಗಿ ಬರುತ್ತಿದ್ದವು. ಹತ್ತು ಸಲದ ಹಾರಾಟದಲ್ಲಿ ಸುಮಾರು 30,000 ಲೀಟರು ನೀರನ್ನು ಸುರಿದರೆಂದು ವಾಯುಸೇನೆಯವರು ತಿಳಿಸಿದರು.

ನೆಲದ ಮೇಲೆ ನಿಂತು ನೋಡುವವರಿಗೆ ಇದು ಲೀಲೆಯಂತೆ ತೋರಬಹುದು. ಅದನ್ನು ನಡೆಸತಕ್ಕವನ ಪಾಡು ಬೇರೆ. ಕಾದ ಗಾಳಿಯು ತೆಳುವಾದುದು. ಮೇಲೆ ತಿರುಗುವ ರೆಕ್ಕೆಗಳಿಗೆ ಅದು ತಕ್ಕ ಆಧಾರವನ್ನು ಕೊಡದು. ಹೊಗೆಯಲ್ಲಿ ಗುಡ್ಡದ ನೆತ್ತಿ ಯಾವುದು, ಕಣಿವೆ ಯಾವುದು ಎಂಬುದು ಕಾಣದು. ತೀರ ಕೆಳಗಿಳಿದರೆ ರೆಕ್ಕೆಗಳ ಗಾಳಿಯೇ ತಿದಿಯಂತಾಗಿ ಬೆಂಕಿಯನ್ನು ಇನ್ನಷ್ಟು ಊದುವುದು. ತೀರ ಮೇಲಿನಿಂದ ಸುರಿದರೆ ನೀರು ತುಂತುರಾಗಿ ಚದರಿ ನೆಲವನ್ನು ಮುಟ್ಟುವ ಮೊದಲೇ ಅರ್ಧ ಆರಿಹೋಗುವುದು. ಇವೆರಡರ ನಡುವಣ ಎತ್ತರವನ್ನು ಹಿಡಿದು, ಕೆಳಗೆ ಮಣಗಟ್ಟಲೆ ತೂಗುವ ನೀರು ಗಡಿಯಾರದ ಲೋಲಕದಂತೆ ಓಲಾಡುತ್ತಿರಲು, ಯಂತ್ರವನ್ನು ಸ್ಥಿರವಾಗಿ ನಡೆಸುವುದು ಅಭ್ಯಾಸದಿಂದ ಮಾತ್ರ ಬರತಕ್ಕ ವಿದ್ಯೆ.

ಆ ವಿದ್ಯೆಯನ್ನು ಅಂದು ತೋರಿದವರ ಹೆಸರನ್ನು ಗುಂಡ್ಲುಪೇಟೆಯ ಜನರು ಕೇಳಲೂ ಇಲ್ಲ, ಅವರು ಹೇಳಲೂ ಇಲ್ಲ. ಬಂದರು, ಸುರಿದರು, ಬೆಟ್ಟವನ್ನು ದಾಟಿ ಹೊರಟುಹೋದರು. ಎರಡು ದಿನಗಳ ತರುವಾಯ, 27ನೆಯ ತಾರೀಖು, ಅದೇ ಜಾತಿಯ ಇನ್ನೊಂದು ಯಂತ್ರವು ಕಾಶ್ಮೀರದ ಬಡಗಾಮಿನಲ್ಲಿ ತನ್ನವರೇ ತಪ್ಪಿ ಹಾರಿಸಿದ ಕ್ಷಿಪಣಿಗೆ ಸಿಕ್ಕಿ ಬಿದ್ದಿತು. ಒಳಗಿದ್ದ ಆರು ಮಂದಿ ವಾಯುಸೈನಿಕರೂ ಕೆಳಗಿದ್ದ ಊರಿನವನೊಬ್ಬನೂ ಸತ್ತರು. ನಮ್ಮ ಸೀಮೆಯ ಮನೆಗಳಲ್ಲಿ ಆ ದಿನ ವರ್ತಮಾನವನ್ನು ಕೇಳಿದವರು, ಮೊನ್ನೆ ಬೆಟ್ಟಕ್ಕೆ ನೀರು ಹೊಯ್ದವರು ಇವರೇ ಅಲ್ಲವಷ್ಟೆ ಎಂದು ಒಬ್ಬರನ್ನೊಬ್ಬರು ವಿಚಾರಿಸಿಕೊಂಡಿದ್ದರೆ ಆಶ್ಚರ್ಯವಿಲ್ಲ.

ಇಂಥ ಹೆಸರಿಲ್ಲದ ಕೆಲಸದ ನಡುವೆ, ನಮ್ಮ ನಾಡಿನವರೇ ಆಗಿ, ಹೋರಾಟದ ವಿಮಾನವನ್ನೂ ಹೆಲಿಕಾಪ್ಟರಿನ ದಳವನ್ನೂ ನಡೆಸಿದವರಾಗಿ, ಅದಕ್ಕಿಂತ ಕಠಿಣವಾದ ಒಂದು ಪರೀಕ್ಷೆಯನ್ನೂ ಅನುಭವಿಸಿದ ಒಬ್ಬ ಪುರುಷರ ವೃತ್ತಾಂತವು ಲೋಕಕ್ಕೆ ತಿಳಿದಿದೆ. ಅವರು ಏರ್ ಮಾರ್ಷಲ್ ಕೊಡಂದೇರ ನಂದಾ ಕಾರ್ಯಪ್ಪನವರು.

ಕೊಡಗು ಇಲ್ಲಿಗೆ ದೂರದ ದೇಶವಲ್ಲ. ಬಂಡೀಪುರದ ಕಾಡು ಕಬಿನಿಯ ದಂಡೆಯಲ್ಲಿ ನಾಗರಹೊಳೆಯ ಕಾಡನ್ನು ಸೇರುವುದು, ನಾಗರಹೊಳೆಯಿಂದಾಚೆಗೆ ಕೊಡಗು. ಆನೆಗಳು ಆಚೀಚೆ ಗಡಿಯನ್ನು ಲೆಕ್ಕಿಸದೆ ನಡೆಯುವುವು. ಆ ನಾಡಿನಲ್ಲಿ ಗಂಡುಮಗು ಹುಟ್ಟಿದರೆ ಕೋವಿಯ ಈಡು ಹಾರಿಸಿ ಸಾರುವುದೂ, ಹರಳುಗಿಡದ ಕಡ್ಡಿಯ ಬಿಲ್ಲುಬಾಣವನ್ನು ಎಳೆಗೈಯಲ್ಲಿರಿಸುವುದೂ ಹಳೆಯ ಸಂಪ್ರದಾಯ. ಹಾಗಿದ್ದರೂ ಸೈನ್ಯದಲ್ಲಿ ಒಂದು ಮನೆತನದ ಹೆಸರನ್ನು ದೇಶವೆಲ್ಲವೂ ಬಲ್ಲಂತೆ ಮಾಡಿದವರು ಕೊಡಂದೇರ ಮಾದಪ್ಪ ಕಾರ್ಯಪ್ಪನವರು. 1949ನೆಯ ಜನವರಿ 15ರಂದು ಇಂಗ್ಲಿಷ್ ಸೇನಾಪತಿಯ ಕೈಯಿಂದ ಭಾರತದ ಸೈನ್ಯದ ಆಧಿಪತ್ಯವನ್ನು ವಹಿಸಿಕೊಂಡ ಮೊದಲ ಭಾರತೀಯರು ಅವರು. ಆ ದಿನವನ್ನು ಇಂದಿಗೂ ಸೈನ್ಯದ ದಿನವೆಂದು ಆಚರಿಸುತ್ತಾರೆ. ಅವರ ಒಬ್ಬನೇ ಮಗ ನಂದಾ. ಹುಟ್ಟಿದ್ದು 1938ನೆಯ ಇಸವಿಯ ಜನವರಿಯಲ್ಲಿ. ಒಡಹುಟ್ಟಿದವಳು ತಂಗಿ ನಳಿನಿ.

ದೊಡ್ಡವರ ಮಗನಾಗಿ ಹುಟ್ಟುವುದು ಭಾಗ್ಯವೆಂದು ಜನರು ಹೇಳುವರು. ಅದರಲ್ಲಿ ಎಷ್ಟು ಭಾಗ ಭಾಗ್ಯ, ಎಷ್ಟು ಭಾಗ ಹೊರೆ ಎಂಬುದನ್ನು ಅಂಥ ಮನೆಯಲ್ಲಿ ಬೆಳೆದವರೇ ಹೇಳಬೇಕು. ತಂದೆತಾಯಿಗಳು 1945ರಲ್ಲಿ ಬೇರೆಯಾಗಿ ಬಾಳತೊಡಗಿದರು. ಮೂರು ವರ್ಷಗಳ ತರುವಾಯ ತಾಯಿಯು ಅಪಘಾತದಲ್ಲಿ ತೀರಿಕೊಂಡರು. ಆಗ ಹುಡುಗನಿಗೆ ಹತ್ತು ವರ್ಷ. ಮರುವರ್ಷವೇ ತಂದೆ ಸೇನಾಧಿಪತಿಗಳಾದರು. ಮನೆಯ ಸುತ್ತ ಕಾವಲು, ಅಂಗಳದಲ್ಲಿ ಧ್ವಜ, ಬಾಗಿಲಲ್ಲಿ ಸಲಾಮು. ಒಳಗೆ ತಾಯಿಯಿಲ್ಲದ ಎರಡು ಮಕ್ಕಳು. ಕಾರ್ಯಪ್ಪನವರ ಶಿಸ್ತು ಎಲ್ಲರಿಗೂ ಗೊತ್ತಿದ್ದದ್ದೇ. ಆ ಶಿಸ್ತು ಮಕ್ಕಳಿಗೆ ಒಂದು, ಸಿಪಾಯಿಗಳಿಗೆ ಒಂದು ಎಂದು ಎರಡು ಬಗೆಯಾಗಿರಲಿಲ್ಲ.

ಆ ಕಾಲದ ಪ್ರಸಂಗವೊಂದನ್ನು ನಂದಾ ಅವರೇ ಹೇಳಿದ್ದಾರೆ. ದೆಹಲಿಯಲ್ಲಿ ಅಧಿಕಾರಿಗಳ ಮಕ್ಕಳೆಲ್ಲರೂ ಸೈನ್ಯದ ಲಾರಿಯಲ್ಲಿ ಶಾಲೆಗೆ ಹೋಗಿ ಬರುತ್ತಿದ್ದರು. ಒಂದು ದಿನ ಲಾರಿಯು ಬರಲಿಲ್ಲ. ಹುಡುಗನು ನಿಂತಿದ್ದುದನ್ನು ಕಂಡು ತಂದೆಯ ಆಪ್ತಾಧಿಕಾರಿಗಳಲ್ಲೊಬ್ಬರು, ಪಾಪ, ಸೇನಾಧಿಪತಿಗಳ ಕಾರಿನಲ್ಲಿ ಕೂರಿಸಿ ಮನೆಗೋ ಶಾಲೆಗೋ ಮುಟ್ಟಿಸಿದರು. ಕೆಲವು ದಿನಗಳ ಮೇಲೆ ಈ ಮಾತು ಉಪಾಹಾರದ ಮೇಜಿನ ಬಳಿ ಹೇಗೋ ಹೊರಬಿದ್ದಿತು. ಕಾರ್ಯಪ್ಪನವರು ಕೆಂಡವಾದರು. ಸರ್ಕಾರದ ವಾಹನವು ಸರ್ಕಾರದ ಕೆಲಸಕ್ಕೆ, ಮಗನ ಸವಾರಿಗಲ್ಲ. ಆದ ವೆಚ್ಚಕ್ಕೆ ಲೆಕ್ಕ ಬರೆಸಿ ಖಾಸಗಿಯಾಗಿ ಕಟ್ಟಿಸುವವರೆಗೂ ಅವರಿಗೆ ಸಮಾಧಾನವಿರಲಿಲ್ಲ. ಇಂದು ಜೀಪುಗಳಲ್ಲಿ ಯಾರು ಯಾರು ಎಲ್ಲೆಲ್ಲಿಗೆ ಹೋಗಿ ಬರುತ್ತಾರೆಂಬುದನ್ನು ಪೇಟೆಯ ರಸ್ತೆಯಲ್ಲಿ ನಿಂತು ನೋಡುವವರಿಗೆ ಈ ಕಥೆಯು ಪುರಾಣದಂತೆ ಕೇಳಿಸುವುದು. ಆದರೆ ಇದರಲ್ಲಿ ಒಂದು ಬೀಜವಿತ್ತು. ಹದಿನೈದು ವರ್ಷಗಳ ಮೇಲೆ ಅದು ಮರವಾಗಿ ನಿಂತಿತು.

ಮಗನು ಹಿಡಿದ ದಾರಿ ಸೈನ್ಯದ್ದೇ. ಆದರೆ ನೆಲದ ಸೈನ್ಯವಲ್ಲ, ಆಕಾಶದ್ದು. ವಾಯುಸೇನೆಯನ್ನು ಸೇರಿ ಹೋರಾಟದ ವಿಮಾನಗಳನ್ನು ನಡೆಸುವವರ ಪಂಕ್ತಿಗೆ ಬಂದರು. 1965ರ ವೇಳೆಗೆ ಫ್ಲೈಟ್ ಲೆಫ್ಟಿನೆಂಟ್ ಪದವಿಯಲ್ಲಿ 20ನೆಯ ಸ್ಕ್ವಾಡ್ರನ್ನಿನಲ್ಲಿ, ಇಂಗ್ಲೆಂಡಿನಲ್ಲಿ ನಿರ್ಮಿತವಾದ ಹಂಟರ್ ವಿಮಾನಗಳ ಮೇಲಿದ್ದರು. ಆ ಸೆಪ್ಟೆಂಬರಿನಲ್ಲಿ ಪಾಕಿಸ್ತಾನದೊಡನೆ ಯುದ್ಧವು ಹೊತ್ತಿತು. ತಂದೆಯು ನಿವೃತ್ತರಾಗಿ ಹನ್ನೆರಡು ವರ್ಷಗಳಾಗಿದ್ದವು. ಮಡಿಕೇರಿಯ ರೋಶನಾರಾ ಎಂಬ ಮನೆಯಲ್ಲಿ ವಾಸವಾಗಿದ್ದರು. ಆದರೂ ಮನೆಯಲ್ಲಿ ಕುಳಿತಿರಲಾರದೆ ಯುದ್ಧದ ಮುಂಚೂಣಿಗೆ ಹೋಗಿ ಜವಾನರನ್ನು ಕಂಡು ಧೈರ್ಯ ಹೇಳಿ ಬಂದರು.

ಯುದ್ಧದ ಕಡೆಯ ದಿನ ಸೆಪ್ಟೆಂಬರ್ 22. ಮರುದಿನದ ಬೆಳಗಿನ ಜಾವದೊಳಗೆ ಕದನವಿರಾಮವೆಂದು ನಿಶ್ಚಯವಾಗಿತ್ತು. ಅಂದು ನಂದಾ ಅವರ ತಂಡವು ಗಡಿಯ ಆಚೆ, ಕಸೂರಿನ ದಿಕ್ಕಿನಲ್ಲಿ, ಶತ್ರುವಿನ ನೆಲೆಗಳ ಮೇಲೆ ಎರಗಿತು. ಕೆಳಗಿನಿಂದ ಹಾರಿಬಂದ ಗುಂಡುಗಳು ಅವರ ಹಂಟರಿಗೆ ತಗುಲಿದವು. ವಿಮಾನವು ಹೊತ್ತಿಕೊಂಡಿತು, ಜತೆಯವರು ಹಾರಿಕೊಳ್ಳೆಂದು ಕೂಗಿದರು. ಹೋರಾಟದ ವಿಮಾನದಿಂದ ಹಾರಿಕೊಳ್ಳುವುದೆಂದರೆ ಬಾಗಿಲು ತೆರೆದು ಇಳಿಯುವುದಲ್ಲ. ಪೀಠದ ಅಡಿಯಲ್ಲಿ ಸಿಡಿಮದ್ದು ಸಿಡಿದು, ಕುಳಿತವನನ್ನು ಪೀಠಸಹಿತವಾಗಿ ಆಕಾಶಕ್ಕೆ ಎಸೆಯುವುದು. ಆ ಒಂದು ಕ್ಷಣದಲ್ಲಿ ಬೆನ್ನೆಲುಬಿನ ಮೇಲೆ ಬೀಳುವ ಭಾರವು ಮನುಷ್ಯನ ತೂಕದ ಹತ್ತಾರು ಪಾಲು. ಪ್ರಾಣವು ಉಳಿಯುವುದು, ಬೆನ್ನು ಉಳಿಯುವುದೆಂಬ ನಂಬಿಕೆಯಿಲ್ಲ. ನಂದಾ ಅವರ ಬೆನ್ನಿಗೆ ಪೆಟ್ಟಾಯಿತು. ಬಿದ್ದದ್ದು ಶತ್ರುವಿನ ನೆಲದಲ್ಲಿ. ಇನ್ನೊಂದು ರಾತ್ರಿ ಕಳೆದಿದ್ದರೆ ಯುದ್ಧವೇ ಇರುತ್ತಿರಲಿಲ್ಲ.

ಹೆಸರೇನೆಂದು ಹಿಡಿದವರು ಕೇಳಿದರು. ಸೆರೆ ಸಿಕ್ಕ ಸೈನಿಕನು ಹೆಸರನ್ನೂ ಪದವಿಯನ್ನೂ ಅಂಕೆಯನ್ನೂ ಹೇಳಬಹುದು, ಅದಕ್ಕಿಂತ ಹೆಚ್ಚಿಗೆ ಹೇಳಬೇಕಾದುದಿಲ್ಲ. ಆದರೆ ಈತನ ಹೆಸರೇ ಎಲ್ಲವನ್ನೂ ಹೇಳಿಬಿಟ್ಟಿತು. ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದವರು ಫೀಲ್ಡ್ ಮಾರ್ಷಲ್ ಅಯೂಬ್ ಖಾನರು. ದೇಶವಿಭಾಗಕ್ಕೆ ಮುಂಚೆ ಒಂದೇ ಸೈನ್ಯದಲ್ಲಿ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಸುದ್ದಿ ಮುಟ್ಟಿದೊಡನೆಯೇ, ಹುಡುಗನು ಕ್ಷೇಮವಾಗಿದ್ದಾನೆಂದು ಪಾಕಿಸ್ತಾನದ ರೇಡಿಯೋ ಸಾರಿತು. ದೆಹಲಿಯಲ್ಲಿದ್ದ ತಮ್ಮ ರಾಯಭಾರಿಯ ಮುಖಾಂತರ ಹಳೆಯ ಮೇಲಧಿಕಾರಿಗೆ ಅಯೂಬರು ಮಾತು ಕಳುಹಿಸಿದರು: ಬೇಕೆಂದರೆ ಮಗನನ್ನು ಬಿಡುಗಡೆ ಮಾಡಿಸುವೆನು.

ಈ ಜಾಗದಲ್ಲಿ ಕಥೆಯನ್ನು ಒಂದು ಗಳಿಗೆ ನಿಲ್ಲಿಸಬೇಕು. ಜನರು ಇದನ್ನು ಹೇಳುವಾಗ ತಂದೆಯ ಉತ್ತರಕ್ಕೆ ಆತುರದಿಂದ ಓಡುವರು; ತಂದೆಯ ಮನಸ್ಸಿನೊಳಗಿನ ದಾರಿಯನ್ನು ನೋಡುವವರು ಕಡಮೆ. ಅರವತ್ತಾರು ವರ್ಷದ ಮುದುಕರು. ಒಬ್ಬನೇ ಮಗ. ತಾಯಿಯಿಲ್ಲದೆ ಬೆಳೆಸಿದ ಮಗ. ಬೆನ್ನು ಮುರಿದಿದೆಯೋ, ಕಾಲು ಹೋಗಿದೆಯೋ, ಮಡಿಕೇರಿಯಲ್ಲಿ ಕುಳಿತು ತಿಳಿಯುವ ಮಾರ್ಗವಿಲ್ಲ. ಕೊಡುತ್ತೇನೆಂದು ಬಂದವನು ಕಳ್ಳನಲ್ಲ, ಸ್ನೇಹದಿಂದಲೇ ಬಂದವನು. ತೆಗೆದುಕೊಂಡರೆ ದೇಶದಲ್ಲಿ ಯಾರೂ ಬಾಯಿಬಿಟ್ಟು ಹಳಿಯುತ್ತಿರಲಿಲ್ಲ. ಕಾರ್ಯಪ್ಪನವರು ವಂದನೆಗಳನ್ನು ಹೇಳಿ ಒಲ್ಲೆನೆಂದರು. ಅವನು ಈಗ ತಮ್ಮ ಮಗನಲ್ಲ, ದೇಶದ ಮಗನು. ಬಿಡುವುದಾದರೆ ಎಲ್ಲರನ್ನೂ ಬಿಡಿ, ಇಲ್ಲವಾದರೆ ಯಾರನ್ನೂ ಬಿಡಬೇಡಿ. ಅವನಿಗೆ ಬೇರೆ ಉಪಚಾರವೂ ಬೇಡ — ಇದು ಅವರ ಉತ್ತರದ ತಾತ್ಪರ್ಯ.

ಮಗನನ್ನು ದೇಶಕ್ಕೆ ಕೊಟ್ಟೆನೆಂಬ ಮಾತನ್ನು ಸಭೆಯಲ್ಲಿ ಆಡುವುದು ಸುಲಭ. ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳೆಂದು ಎದುರಾಳಿಯೇ ಕೈನೀಡಿದಾಗ ಅದನ್ನು ನಡೆಸುವುದು ಹಾಗಲ್ಲ. ಇದು ಕಲ್ಲೆದೆಯ ಮಾತೆಂದು ಅನ್ನುವವರೂ ಉಂಟು. ಮಗನ ಒಪ್ಪಿಗೆಯನ್ನು ಕೇಳದೆ ಮಗನ ಸೆರೆಯನ್ನು ಬೆಳೆಸುವ ಹಕ್ಕು ತಂದೆಗೆ ಎಲ್ಲಿಯದು ಎಂಬ ಪ್ರಶ್ನೆಯೂ ನ್ಯಾಯವಾದುದೇ. ಈ ಪ್ರಶ್ನೆಗೆ ಉತ್ತರವು ಆ ಮನೆಯಲ್ಲಿ ಸಿಕ್ಕದು. ಕೊಡಗಿನ ಇನ್ನೊಂದು ಮನೆಯಲ್ಲಿ ಸಿಕ್ಕುವುದು.

ಅದೇ ಯುದ್ಧದಲ್ಲಿ, ಸೆಪ್ಟೆಂಬರ್ 7ರಂದು, ಕೊಡಗಿನವರೇ ಆದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು ಸರ್ಗೋಧಾ ವಿಮಾನನಿಲ್ದಾಣದ ಮೇಲಿನ ದಾಳಿಗೆ ಹೊರಟಿದ್ದರು. ಅವರದು ಮಿಸ್ಟೇರ್ ಎಂಬ ಹಳೆಯ ವಿಮಾನ. ಬೆನ್ನಟ್ಟಿ ಬಂದದ್ದು ಶಬ್ದಕ್ಕಿಂತ ಎರಡು ಪಾಲು ವೇಗವಾಗಿ ಹೋಗಬಲ್ಲ ಸ್ಟಾರ್‌ಫೈಟರ್. ಪೆಟ್ಟು ತಿಂದ ವಿಮಾನದಲ್ಲಿ ಓಡಿಹೋಗದೆ ತಿರುಗಿಬಿದ್ದು ಕಾದಾಡಿ ದೇವಯ್ಯನವರು ಅದನ್ನು ಕೆಡವಿದರು, ತಾವೂ ಬಿದ್ದರು. ನೋಡಿದವರು ಈ ಕಡೆಯವರಲ್ಲಿ ಯಾರೂ ಇರಲಿಲ್ಲ. ಮನೆಗೆ ಬಂದ ವರ್ತಮಾನ, ಕಾಣೆಯಾಗಿದ್ದಾರೆ ಎಂಬ ಒಂದು ಮಾತು. ರೇಡಿಯೋ ಸಾರಲಿಲ್ಲ, ರಾಯಭಾರಿ ಬರಲಿಲ್ಲ. ಆಚೆಯ ಹಳ್ಳಿಯವರು ದೇಹವನ್ನು ಮಣ್ಣು ಮಾಡಿದ್ದರೆಂಬುದೂ, ಆಕಾಶದಲ್ಲಿ ನಡೆದ ಸಂಗತಿಯೂ ತಿಳಿದುಬಂದದ್ದು ಬಹುಕಾಲದ ಮೇಲೆ, ಪರದೇಶದ ಲೇಖಕರೊಬ್ಬರು ಪಾಕಿಸ್ತಾನದ ವಾಯುಸೇನೆಯ ಚರಿತ್ರೆಯನ್ನು ಬರೆದ ತರುವಾಯ. ಮಹಾವೀರ ಚಕ್ರವು ದೊರೆತದ್ದು 1988ರಲ್ಲಿ. ಯುದ್ಧವಾಗಿ ಇಪ್ಪತ್ತಮೂರು ವರ್ಷಗಳಿಗೆ. ಆ ಮನೆಯ ಹೆಣ್ಣುಮಗಳು ಅಷ್ಟು ವರ್ಷ ಬಾಗಿಲನ್ನು ನೋಡುತ್ತಿದ್ದಳು. ಕಾರ್ಯಪ್ಪನವರು ಅಯೂಬರ ಮಾತಿಗೆ ಹೂಂಗುಟ್ಟಿದ್ದರೆ, ಸೆರೆಯಲ್ಲಿದ್ದ ಉಳಿದವರ ಮನೆಗಳವರೂ, ಕಾಣೆಯಾದವರ ಮನೆಗಳವರೂ, ದೊಡ್ಡ ಹೆಸರಿಗೆ ಒಂದು ದಾರಿ, ಸಣ್ಣ ಹೆಸರಿಗೆ ಇನ್ನೊಂದು ಎಂದು ತಿಳಿದುಕೊಳ್ಳುತ್ತಿದ್ದರು. ಅವರಿಗೆ ಯಾವ ಮುಖದಿಂದ ಏನು ಹೇಳಬಹುದಾಗಿತ್ತು? ಅಂದು ಶಾಲೆಗೆ ಕಾರಿನಲ್ಲಿ ಹೋದದ್ದಕ್ಕೆ ಹಣ ಕಟ್ಟಿಸಿದ ಕೈಯೇ ಇಂದು ಈ ಉತ್ತರವನ್ನು ಬರೆಯಿತು.

ಅಯೂಬರ ಸೌಜನ್ಯವನ್ನೂ ಮರೆಯಬಾರದು. ಬಿಡುಗಡೆ ಬೇಡವೆಂದ ಮೇಲೆಯೂ ಅವರ ಪತ್ನಿಯೂ ಹಿರಿಯ ಮಗನೂ ಆಸ್ಪತ್ರೆಯಲ್ಲಿದ್ದ ನಂದಾ ಅವರನ್ನು ನೋಡಲು ಬಂದರು. ಸಿಗರೇಟಿನ ಪೊಟ್ಟಣವನ್ನೂ, ವುಡ್‌ಹೌಸ್ ಎಂಬ ಆಂಗ್ಲ ಹಾಸ್ಯಲೇಖಕನ ಒಂದು ಕಾದಂಬರಿಯನ್ನೂ ತಂದುಕೊಟ್ಟರು. ಹದಿನೆಂಟು ವರ್ಷಗಳ ಹಿಂದೆ ಒಂದೇ ಮೆಸ್ಸಿನಲ್ಲಿ ಉಂಡವರು ಈಗ ಎರಡು ಸೈನ್ಯಗಳಾಗಿ ಕಾದುತ್ತಿದ್ದರು. ಊಟದ ನೆನಪು ಮಾತ್ರ ಇನ್ನೂ ಹಳಸಿರಲಿಲ್ಲ. ಮುಂದೆ ಬಂದ ಯುದ್ಧಗಳಲ್ಲಿ ಅದೂ ಉಳಿಯಲಿಲ್ಲ.

1966ನೆಯ ಜನವರಿಯಲ್ಲಿ ತಾಷ್ಕೆಂಟಿನ ಒಪ್ಪಂದವಾಯಿತು. ಅದೇ ತಿಂಗಳಲ್ಲಿ ಸೆರೆಯಾಳುಗಳ ವಿನಿಮಯವಾಗಿ ನಂದಾ ಅವರು, ಉಳಿದ ಎಲ್ಲರೊಡನೆ, ತಾಯ್ನಾಡಿಗೆ ಬಂದರು. ತಂದೆಯ ಮಾತು ನಡೆಯಿತು. ನಾಲ್ಕು ತಿಂಗಳು ಕಳೆದಿದ್ದವು.

ಬೆನ್ನಿಗೆ ಅಂಥ ಪೆಟ್ಟು ಬಿದ್ದವನು ಮತ್ತೆ ಹಾರುವನೆಂದು ಹೇಳಲು ಯಾರಿಗೂ ಧೈರ್ಯವಿರುತ್ತಿರಲಿಲ್ಲ. ನಂದಾ ಅವರು ಹಾರಿದರು. 1971ನೆಯ ಇಸವಿಯಲ್ಲಿ ಮತ್ತೆ ಯುದ್ಧವು ಬಂದಾಗ ಅವರು ಬಂಗಾಳದ ಉತ್ತರದಲ್ಲಿ, ಭೂತಾನದ ಬೆಟ್ಟಗಳ ಬುಡದಲ್ಲಿರುವ ಹಾಸಿಮಾರಾ ಠಾಣೆಯಲ್ಲಿ 111ನೆಯ ಹೆಲಿಕಾಪ್ಟರ್ ಘಟಕದ ನಾಯಕರಾಗಿದ್ದರು. ಹೋರಾಟದ ವಿಮಾನದವರಿಗೆ ಹೆಲಿಕಾಪ್ಟರಿನ ಕೆಲಸವು ಇಳಿದ ಮೆಟ್ಟಿಲೆಂಬ ಭಾವನೆಯು ವಾಯುಸೇನೆಗಳಲ್ಲಿ ಆ ಕಾಲಕ್ಕೆ ಇದ್ದಿರಬಹುದು. ವೇಗವಿಲ್ಲ, ಎತ್ತರವಿಲ್ಲ, ಹೆಸರಿಲ್ಲ. ಭಾರತದ ವಾಯುಸೇನೆಗೆ ಮೊದಲ ಹೆಲಿಕಾಪ್ಟರು ಬಂದದ್ದೇ 1954ರಲ್ಲಿ. ಚೇತಕ್ ಎಂಬ ಯಂತ್ರವನ್ನು ಬೆಂಗಳೂರಿನ ಹಿಂದುಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯು ಕಟ್ಟತೊಡಗಿದ್ದು 1960ರ ದಶಕದಲ್ಲಿ. ಬೆಟ್ಟದ ಠಾಣೆಗಳಿಗೆ ಅಕ್ಕಿ, ಬೇಳೆ, ಸೀಮೆಎಣ್ಣೆಯನ್ನು ಮುಟ್ಟಿಸುವುದು. ಗಾಯಗೊಂಡವರನ್ನು ಹೊತ್ತು ತರುವುದು. ಪ್ರವಾಹದಲ್ಲಿ ಮನೆಯ ಮಾಳಿಗೆಯ ಮೇಲೆ ನಿಂತವರನ್ನು ಎತ್ತಿಕೊಳ್ಳುವುದು — ಇವೆಲ್ಲ ಆ ಯಂತ್ರದ ನಿತ್ಯಕರ್ಮ. ಬಿದ್ದು ಸೆರೆ ಸಿಕ್ಕಿದವನೇ ಎತ್ತಿ ತರುವವರ ನಾಯಕನಾದದ್ದರಲ್ಲಿ ಒಂದು ಔಚಿತ್ಯವಿದೆಯೆಂದು ಯಾರಿಗಾದರೂ ತೋರಿದರೆ ತಪ್ಪಲ್ಲ.

ಆದರೆ ಅದೇ ಡಿಸೆಂಬರಿನಲ್ಲಿ, ಅದೇ ಪೂರ್ವದಿಕ್ಕಿನಲ್ಲಿ, ಈ ನಿತ್ಯಕರ್ಮದ ಯಂತ್ರವು ಯುದ್ಧದ ದಿಕ್ಕನ್ನೇ ಬದಲಾಯಿಸಿತು. ಢಾಕಾ ನಗರಕ್ಕೆ ಹೋಗುವ ದಾರಿಯಲ್ಲಿ ಮೇಘನಾ ನದಿಯು ಅಡ್ಡವಾಗಿ ಹರಿಯುತ್ತಿತ್ತು. ಅದನ್ನು ನಮ್ಮ ಕಪಿಲೆ ಕಾವೇರಿಗಳಿಗೆ ಹೋಲಿಸಿ ಎಣಿಸಬಾರದು. ಒಂದು ದಡದಲ್ಲಿ ನಿಂತರೆ ಇನ್ನೊಂದು ದಡವು ಮಸುಕಾಗಿ ಕಾಣುವಷ್ಟು ಅಗಲ. ಆಶುಗಂಜಿನ ಬಳಿಯ ರೈಲುಸೇತುವೆಯನ್ನು ಹಿಂಜರಿಯುವ ಪಾಕಿಸ್ತಾನದವರು ಸಿಡಿಸಿ ಕೆಡವಿದರು. ದೋಣಿಗಳನ್ನು ಕೂಡಿಸಿ ದಾಟಬೇಕಾದರೆ ದಿನಗಳೇ ಬೇಕು. ಸೇನಾನಾಯಕ ಸಗತ್ ಸಿಂಗರು ಸೇತುವೆಯನ್ನು ಆಕಾಶದಲ್ಲಿ ಕಟ್ಟಲು ನಿಶ್ಚಯಿಸಿದರು. ಡಿಸೆಂಬರ್ 9ರಿಂದ ಮೊದಲ್ಗೊಂಡು, ಗ್ರೂಪ್ ಕ್ಯಾಪ್ಟನ್ ಚಂದನ್ ಸಿಂಗರ ಮೇಲ್ವಿಚಾರಣೆಯಲ್ಲಿ, ಒಂದು ಡಜನ್ನಿನಷ್ಟು ರಷ್ಯದ ಮಿ-4 ಹೆಲಿಕಾಪ್ಟರುಗಳು ಸಿಪಾಯಿಗಳನ್ನು ಹೊತ್ತು ನದಿಯ ಆಚೆಗೆ ಇಳಿಸಿ, ಬರಿದಾಗಿ ಬಂದು, ಮತ್ತೆ ತುಂಬಿಕೊಂಡು ಹೋದವು. ಹಗಲಿಗೇ ನಿಲ್ಲಲಿಲ್ಲ. ಕತ್ತಲೆಯಲ್ಲಿ ಇಳಿಯಲು ನೆಲವು ಕಾಣಬೇಕಲ್ಲ. ಗದ್ದೆಗಳಲ್ಲಿ ಟಾರ್ಚುಗಳನ್ನು ಬೆಳಗಿ ಸಾಲಾಗಿ ಹಿಡಿದು ಜಾಗವನ್ನು ತೋರಿಸಿದರು. ಆ ಟಾರ್ಚಿನ ಬೆಳಕಿಗೆ, ಎದುರಿಗೆ ಶತ್ರುವಿರುವ ಗದ್ದೆಯಲ್ಲಿ, ತುಂಬಿದ ಯಂತ್ರವನ್ನು ಇಳಿಸಿದವರಲ್ಲಿ ಸ್ಕ್ವಾಡ್ರನ್ ಲೀಡರ್ ಸಂಧೂ ಮೊದಲಾದವರಿಗೆ ವೀರಚಕ್ರವೂ, ಚಂದನ್ ಸಿಂಗರಿಗೆ ಮಹಾವೀರ ಚಕ್ರವೂ ದೊರೆತವು. ಒಂದು ವಾರದೊಳಗೆ, 16ರಂದು, ಢಾಕಾ ಕೈಸೇರಿತು. ಹಾಸಿಮಾರಾದ ಘಟಕವಾಗಲಿ ಮೇಘನೆಯ ಘಟಕಗಳಾಗಲಿ ಬೇರೆ ಬೇರೆಯೇ ಆದರೂ, ಆ ಡಿಸೆಂಬರಿನ ತರುವಾಯ ಹೆಲಿಕಾಪ್ಟರನ್ನು ಸಾಮಾನು ಹೊರುವ ಕತ್ತೆಯೆಂದು ಯಾರೂ ಕರೆಯಲಿಲ್ಲ.

ಮುಂದಿನದನ್ನು ಬೇಗನೆ ಹೇಳಿಬಿಡಬಹುದು. ನಂದಾ ಅವರು ಪುಣೆಯಲ್ಲಿ 8ನೆಯ ಸ್ಕ್ವಾಡ್ರನ್ನಿನ ನಾಯಕತ್ವವನ್ನೂ ವಹಿಸಿದರು; ಮೆಟ್ಟಿಲು ಮೆಟ್ಟಿಲಾಗಿ ಏರಿ ಏರ್ ಮಾರ್ಷಲ್ ಪದವಿಯನ್ನು ಪಡೆದರು. ವಾಯುಸೇನಾ ಪದಕವೂ, ಪರಮ ವಿಶಿಷ್ಟ ಸೇವಾ ಪದಕವೂ ಅವರಿಗೆ ಸಂದವು. ಪದವಿಗಳ ಪಟ್ಟಿಯನ್ನು ಬರೆದರೆ ಪುಟ ತುಂಬಬಹುದು. ಮನುಷ್ಯನು ಅದರಲ್ಲಿ ಕಾಣುವುದಿಲ್ಲ.

1986ರಲ್ಲಿ ತಂದೆಗೆ ಫೀಲ್ಡ್ ಮಾರ್ಷಲ್ ಪದವಿಯನ್ನು ಸರ್ಕಾರವು ಕೊಟ್ಟಿತು. ನಿವೃತ್ತಿಯಾಗಿ ಮೂವತ್ತಮೂರು ವರ್ಷಗಳ ಮೇಲೆ. ಆಗ ಅವರಿಗೆ ಎಂಬತ್ತೇಳು. ಎಂಬತ್ತೇಳರ ಆ ಮುದುಕರು ರಾಷ್ಟ್ರಪತಿಭವನದಲ್ಲಿ ದಂಡವನ್ನು ಸ್ವೀಕರಿಸಿದರು. 1993ನೆಯ ಮೇ 15ರಂದು ಬೆಂಗಳೂರಿನಲ್ಲಿ ಅವರು ತೀರಿಕೊಂಡರು. ಅಂತ್ಯಕ್ರಿಯೆಯು ಮಡಿಕೇರಿಯಲ್ಲಿ. ಮಗನು ನಿವೃತ್ತನಾದ ಮೇಲೆ ರೋಶನಾರಾ ಮನೆಗೇ ಬಂದು ನೆಲೆಸಿ, ತಂದೆಯ ಜೀವನಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದು 2007ರಲ್ಲಿ ಪ್ರಕಟಿಸಿದರು. ಶಾಲೆಯ ಕಾರಿನ ಕಥೆಯೂ, ಅಯೂಬರಿಗೆ ಕೊಟ್ಟ ಉತ್ತರದ ಕಥೆಯೂ ಇಷ್ಟು ಜನಕ್ಕೆ ತಿಳಿದಿದ್ದರೆ ಅದಕ್ಕೆ ಮಗನೇ ಮುಖ್ಯ ಕಾರಣ. ನನ್ನನ್ನು ಬಿಡಿಸಲಿಲ್ಲವೆಂಬ ಕಥೆಯನ್ನು ಮಗನೇ ಮುಂದೆ ನಿಂತು ಊರೂರಿಗೆ ಹೇಳಿದನೆಂದರೆ, ಒಪ್ಪಿಗೆಯನ್ನು ಕೇಳಲಿಲ್ಲವೆಂಬ ಆಕ್ಷೇಪಣೆಗೆ ಆತನ ಕಡೆಯ ಜವಾಬು ಅದೇ ಎಂದು ಎಣಿಸಬೇಕಾಗಿದೆ.

ಇನ್ನೊಂದು ಸಂಗತಿಯನ್ನು ಹೇಳದೆ ಬಿಡುವಂತಿಲ್ಲ. ಬಂಡೀಪುರಕ್ಕೆ ನೀರು ಹೊಯ್ಯಲು ಬಂದ ಯಂತ್ರಗಳ ಠಾಣೆಯಾದ ಆ ಸೂಲೂರಿನಿಂದಲೇ, 2021ನೆಯ ಡಿಸೆಂಬರ್ 8ರಂದು, ಅದೇ ಜಾತಿಯ ಒಂದು ಹೆಲಿಕಾಪ್ಟರು ಸೇನಾಪತಿ ಬಿಪಿನ್ ರಾವತರನ್ನೂ ಅವರ ಪತ್ನಿಯನ್ನೂ ಹೊತ್ತು ವೆಲಿಂಗ್ಟನ್ನಿನ ಸೈನಿಕ ವಿದ್ಯಾಲಯಕ್ಕೆ ಹೊರಟಿತು. ಕೂನೂರಿನ ಬಳಿ ಮೋಡವು ಗುಡ್ಡಗಳನ್ನು ಮುಚ್ಚಿತ್ತು. ವಿಂಗ್ ಕಮ್ಯಾಂಡರ್ ಪೃಥ್ವಿ ಸಿಂಗ್ ಚೌಹಾನರು ನಡೆಸುತ್ತಿದ್ದ ಆ ಯಂತ್ರವು ಇಳಿಯಲು ಕೆಲವೇ ನಿಮಿಷಗಳಿದ್ದಾಗ ಬೆಟ್ಟಕ್ಕೆ ಬಡಿಯಿತು. ಒಳಗಿದ್ದ ಹದಿನಾಲ್ವರಲ್ಲಿ ಹದಿಮೂವರು ಅಂದೇ ಮಡಿದರು. ಉಳಿದ ಒಬ್ಬರು, ಗ್ರೂಪ್ ಕ್ಯಾಪ್ಟನ್ ವರುಣ್ ಸಿಂಗರು, ಒಂದು ವಾರ ಹೋರಾಡಿ ಬೆಂಗಳೂರಿನ ಸೈನಿಕ ಆಸ್ಪತ್ರೆಯಲ್ಲಿ ಪ್ರಾಣಬಿಟ್ಟರು. ಕೆಟ್ಟುಹೋಗುತ್ತಿದ್ದ ತೇಜಸ್ ವಿಮಾನವನ್ನು ಬಿಟ್ಟು ಹಾರದೆ ನೆಲಕ್ಕೆ ಇಳಿಸಿದ್ದಕ್ಕಾಗಿ ಅದೇ ವರ್ಷ ಶೌರ್ಯಚಕ್ರವನ್ನು ಪಡೆದವರು ಅವರು.

ಗುಂಡ್ಲುಪೇಟೆಯಿಂದ ಉದಕಮಂಡಲಕ್ಕೆ ಹೋಗುವ ರಸ್ತೆಯು ಬಂಡೀಪುರದ ಕಾಡಿನ ನಡುವೆ ಹಾಯುವುದು. ಪ್ರತಿವರ್ಷ ಸಂಕ್ರಾಂತಿಯ ಆಚೀಚೆ ಅರಣ್ಯದವರು ಆ ರಸ್ತೆಯ ಎರಡು ಮಗ್ಗುಲಲ್ಲೂ ಹುಲ್ಲನ್ನು ಸವರಿ ಸುಟ್ಟು ಬೆಂಕಿ ರೇಖೆಯನ್ನು ಎಳೆಯುವರು. ಕರಿಯ ಪಟ್ಟಿಗಳು ಬೆಟ್ಟದ ಕಡೆಗೆ ಓಡುವುವು. ಆ ಕೆಲಸದ ಹೊತ್ತಿನಲ್ಲಿ ದಕ್ಷಿಣದ ಮೋಡದೊಳಗಿನಿಂದ ರೆಕ್ಕೆಗಳ ಸದ್ದು ಕೇಳಿಬಂದರೆ ವಾಚರುಗಳು ಕತ್ತಿಯನ್ನು ಕೆಳಗಿಟ್ಟು, ಕಣ್ಣಿಗೆ ಕೈ ಮರೆಮಾಡಿ, ಯಂತ್ರವು ಗೋಪಾಲಸ್ವಾಮಿ ಬೆಟ್ಟದ ನೆತ್ತಿಯನ್ನು ದಾಟುವವರೆಗೂ ನೋಡುತ್ತ ನಿಲ್ಲುವರು.